ಅಟ್ಟಕ್ಕೆ ಹೋದ ಹೊಗೆ

ಅಥವಾ ಅವ್ವನ ಒಲೆಗೆ ಹಾಕುತ್ತಿದ್ದದ್ದು ಜಾಲಿ ಸೌದೆಯೇ ಅಲ್ಲದಿರಬಹುದು, ಹೊಂಗೆ ಇದ್ದೀತು. ಆ ವರ್ಷ ನಮ್ಮ ಅಡುಗೆಮನೆಗೆ ಬಂದ ಪ್ರತಿಯೊಂದು ತುಂಡನ್ನೂ ನಾನೇ ತಟ್ಟಿ ನೋಡಿ ಆರಿಸಿದೆ ಎಂದು ಇಷ್ಟು ದಿನ ಹೇಳಿಕೊಂಡು ಬಂದಿದ್ದೇನೆ. ಪಾಂಡವಪುರದ ಶಾಲೆಯಲ್ಲಿ ಪಾಠ ಮಾಡುತ್ತ, ಭಾನುವಾರಕ್ಕೆ ಮಾತ್ರ ಊರಿಗೆ ಬರುತ್ತಿದ್ದವಳು ಪ್ರತಿಯೊಂದನ್ನೂ ಹೇಗೆ ಆರಿಸಿಯೇನು?

ಊರು ಹೊಸಹೊಳಲಿನಿಂದ ಆಚೆ. ತೊಂಬತ್ತರ ದಶಕದ ನಡುವೆ ಅವ್ವನ ಕೆಮ್ಮು ಉಸಿರನ್ನೇ ಹಿಡಿಯತೊಡಗಿತ್ತು. ಹೊಗೆ ತಪ್ಪಿಸದಿದ್ದರೆ ಔಷಧಿಯಿಂದ ಏನೂ ಆಗದು ಎಂದರು ಪೇಟೆಯ ಡಾಕ್ಟರು. ಅಪ್ಪ ಹಳೆಯ ಒಲೆ ಒಡೆಸಿ, ಹೊಗೆ ಕೊಳವೆ ಇರುವ ಒಲೆ ಹಾಕಿಸಿದ. ಕೊಳವೆ ಅಟ್ಟವನ್ನು ಹಾದು ಹೆಂಚಿನಿಂದ ಆಚೆ ಹೋಗುತ್ತಿತ್ತು.

ಸೌದೆಯ ಉಸ್ತುವಾರಿ ನನ್ನದಾಯಿತು. ಎರಡು ತುಂಡನ್ನು ಒಂದಕ್ಕೊಂದು ಬಡಿದರೆ ಒಣಗಿದ್ದು ಟಣ್ ಎನ್ನುತ್ತದೆ, ಹಸಿಯದು ದೊಪ್ಪೆನ್ನುತ್ತದೆ. ಜಾಲಿ, ಹುಣಸೆ ನಿಧಾನವಾಗಿ ಉರಿದು ಕೆಂಡ ನಿಲ್ಲಿಸುತ್ತವೆ. ನುಗ್ಗೆ ಬರೀ ಹೊಗೆ. ಕಬ್ಬಿನ ಸೋಗೆ ಭಗ್ಗೆಂದು ಎದ್ದು ಸೆರಗಿಗೇ ಬರುತ್ತದೆ, ಅದನ್ನು ಒಲೆಯ ಹತ್ತಿರ ಇಡಬಾರದು. ಬೂದಿ ತೆಗೆದು, ಕಿಟಕಿ ತೆರೆದು, ಒಲೆಯ ಬಾಯಿಗೆ ತುರುಕದೆ ಗಾಳಿಗೆ ಜಾಗ ಬಿಟ್ಟು ಉರಿಸಬೇಕು. ಇದೆಲ್ಲ ಅವ್ವನೇ ಕಲಿಸಿದ್ದು. ನಾನು ಅವಳಿಗೇ ತಿರುಗಿ ಹೇಳುತ್ತಿದ್ದೆ.

ಮೊದಮೊದಲು ಕೆಮ್ಮು ಇಳಿಯಿತು. ಆಮೇಲೊಂದು ಭಾನುವಾರ ಬಂದು ನೋಡಿದರೆ ಅಡುಗೆಮನೆ ತುಂಬ ಹೊಗೆ. ಅವ್ವ ಹಿತ್ತಿಲ ಕಲ್ಲಿನ ಮೇಲೆ ಕೂತು ಉಸಿರಿಗೆ ಒದ್ದಾಡುತ್ತಿದ್ದಳು. ಸೌದೆ ಹಸಿಯಿರಬೇಕೆಂದು ಎಲ್ಲವನ್ನೂ ಹೊರಗೆಳೆದು, ಒಂದೊಂದನ್ನೇ ಬಡಿದು ನೋಡತೊಡಗಿದೆ.

ಪಕ್ಕದ ಮನೆಯ ಚಿಕ್ಕವ್ವ ಬೇಲಿಯಾಚೆಯಿಂದ, "ಏನವ್ವ ಮೇಡಮ್ಮು, ಸೌದೇಗೂ ಪರೀಕ್ಸೆ ಮಡ್ಗಿದ್ದೀಯಾ? ಎಷ್ಟು ಪೇಲಾದ್ವು?" ಎಂದು ನಕ್ಕಳು.

"ಎಲ್ಲಾ ಪಾಸೇ ಕಣ್ ಚಿಕ್ಕವ್ವ. ಆದ್ರೂ ಒಗೆ ಯಾಕೆ ಅಂತ ಗೊತ್ತಾಯ್ತಿಲ್ಲ."

ಬಾಗಿಲಲ್ಲಿ ನಿಂತಿದ್ದ ಅಪ್ಪ ಏಣಿ ತಂದ. ಅಥವಾ ಏಣಿ ಮೊದಲೇ ಅಲ್ಲಿ ಒರಗಿತ್ತು. ಅಟ್ಟ ಹತ್ತಿದವನು ಹೆಚ್ಚು ಹುಡುಕಲಿಲ್ಲ. ಇಳಿದಾಗ ಅವನ ಕೈಯಲ್ಲಿ ಮಸಿ ಹಿಡಿದ ಗೋಣಿತಾಟಿನ ಉಂಡೆ ಇತ್ತು. ಅಟ್ಟದಲ್ಲಿ ಕೊಳವೆಯ ಎರಡು ತುಂಡು ಸೇರುವ ಸಂದಿಗೆ ಮೆತ್ತಿದ್ದ ಮಣ್ಣನ್ನು ಯಾರೋ ಕೆರೆದು, ಅದಕ್ಕೂ ಮೇಲಿನ ತುಂಡಿನೊಳಗೆ ತಾಟು ತುರುಕಿದ್ದರು. ಹೊಗೆ ಹೊರಗೆ ಹೋಗದೆ ಅಟ್ಟದಲ್ಲಿ ತುಂಬಿಕೊಂಡು, ಮಿಕ್ಕದ್ದು ಅಡುಗೆಮನೆಗೆ ಇಳಿಯುತ್ತಿತ್ತು.

ಅಟ್ಟದ ಗಳಕ್ಕೆ ಬಿತ್ತನೆಯ ಮುಸುಕಿನ ಜೋಳದ ತೆನೆ, ಬೀಜಕ್ಕೆ ಬಿಟ್ಟ ಹೀರೆ, ಸೋರೆ ಕಟ್ಟಿದ್ದವು. ನಮ್ಮ ಮನೆಗಳಲ್ಲಿ ಬೀಜ ಕಾಯುತ್ತಿದ್ದದ್ದು ಒಲೆಯ ಹೊಗೆಯೇ. ಹೊಸ ಒಲೆ ಬಂದ ಮೇಲೆ ತೆನೆಗಳಿಂದ ಹುಳು ಕೊರೆದ ಹಿಟ್ಟು ಉದುರತೊಡಗಿತ್ತು.

"ಯಾರು ಮಾಡಿದ್ದು ಇದ?" ಎಂದೆ.

"ನಾನೇ ಕಣವ್ವ," ಎಂದಳು ಅವ್ವ. "ಬೀಜ ಉಳ ತಿಂದೋದ್ರೆ ಮುಂದ್ಲ ವರ್ಸಕ್ಕೆ ಏನ್ ಮಾಡಾದು? ಒಂದೆಲ್ಡು ದಿನಕ್ಕೆ ಅಂತ ಮಾಡ್ದೆ, ಆಮ್ಯಾಕೆ ಮರ್ತೋದೆ."

"ನಿನ್ನ ಉಸ್ರೇ ನಿಂತೋದ್ರೆ ಬಿತ್ತೋರ್ಯಾರವ್ವ?"

"ನೀವಿಲ್ವಾ?"

"ಬುಡು ಅತ್ಲಾಗೆ, ಆಗಿದ್ದಾಯ್ತು," ಎಂದು ಅಪ್ಪ ತಾಟನ್ನು ನೀರೊಲೆಗೆ ಎಸೆದ. ಆ ಮಧ್ಯಾಹ್ನವೇ ಸಂದಿಗೆ ಮಣ್ಣು ಮೆತ್ತಿದ. ಒಲೆ ಮತ್ತೆ ಚೆನ್ನಾಗಿ ಎಳೆಯಿತು. ಕೆಮ್ಮು ಮಾತ್ರ ಮತ್ತೆ ಇಳಿಯಲಿಲ್ಲ. ಮಳೆಗಾಲಕ್ಕೆ ಮುಂಚೆ ಅವ್ವ ತೀರಿಕೊಂಡಳು. ಮಳೆ ಬಿದ್ದಾಗ ಅಪ್ಪ ಆ ಬೀಜವನ್ನೇ ಬಿತ್ತಿದ. ಒಂದೂ ಹುಸಿ ಹೋಗಲಿಲ್ಲ, ಅಥವಾ ಊರವರು ಹಾಗೆಂದರು.

ಆ ದಿನಗಳಲ್ಲಿ ಅವ್ವನಿಗೆ ಜಗಲಿ ಹತ್ತಿದರೇ ಏದುಸಿರು. ಅವಳು ಏಣಿ ಹತ್ತಿ ಅಟ್ಟಕ್ಕೆ ಹೋದದ್ದನ್ನು ನಾನು ಊಹಿಸಲಾರೆ. ಅಪ್ಪ ಹುಡುಕದೆಯೇ ತಾಟನ್ನು ಕಂಡುಕೊಂಡ ಎಂಬ ನೆನಪು ನಿಜವಾಗಿದ್ದರೆ, ಅದನ್ನು ಅಲ್ಲಿಟ್ಟವನು ಅವನೇ, ಅವ್ವ ತಾನೇ ಮಾಡಿದೆ ಎಂದದ್ದು ಅವನಿಗಾಗಿ. ಆ ನೆನಪನ್ನು ಆಮೇಲೆ ನಾನೇ ಕಟ್ಟಿಕೊಂಡಿರಲೂಬಹುದು. ಅಪ್ಪನೂ ಈಗಿಲ್ಲ. ತಾಟು ತುರುಕಿದವರು ಯಾರೆಂದು ನನಗೆ ಗೊತ್ತಿಲ್ಲ.