ಅಗಸಗಿತ್ತಿ ಹನೋರಾಳ ದಿಬ್ಬ

ಫೋರ್ಟ್ ಹಾರ್ಟ್‌ವೆಲ್ ಎಂಬ ಕೋಟೆಯನ್ನು ಈಗ ಹುಡುಕಿದರೆ ಸಿಗುವುದಿಲ್ಲ. ಅಯೋವಾದಲ್ಲಿ, ಡಿಮೊಯ್ನ್ ನದಿಯ ಮೇಲ್ದಂಡೆಯ ಹುಲ್ಲುಗಾವಲಿನಲ್ಲಿ ಅದು ಇದ್ದದ್ದು ಏಳೇ ವರ್ಷ. ಕೋಟೆಯೆಂದರೆ ಕಲ್ಲಿನ ಗೋಡೆ, ಕಂದಕ ಎಂದುಕೊಳ್ಳಬೇಡಿ. ಓಕ್ ದಿಮ್ಮಿಯ ಹನ್ನೆರಡು ಮನೆ, ನಡುವೆ ಒಂದು ಬಾವುಟದ ಕಂಬ, ಅಷ್ಟೇ. ನೆಲ ಡಕೋಟಾ ಜನರದ್ದು. ಅವರೂ ಬಿಳಿಯ ಒಕ್ಕಲುಗಳೂ ಹೊಡೆದಾಡದಂತೆ ನೋಡಿಕೊಳ್ಳಲೆಂದು ಸರ್ಕಾರ ಸಿಪಾಯಿಗಳನ್ನು ಕಳಿಸಿತು. ಬೇಲಿಯೇ ಎದ್ದು ಹೊಲ ಮೇಯ್ದಂತೆ, ಏಳು ವರ್ಷದಲ್ಲಿ ಡಕೋಟಾಗಳನ್ನು ಉತ್ತರಕ್ಕೆ ದಬ್ಬಿದ್ದಾಯಿತು. ಆಮೇಲೆ ಸಿಪಾಯಿಗಳಿಗೂ ಅಲ್ಲಿ ಕೆಲಸ ಉಳಿಯಲಿಲ್ಲ. ಆ ಕೋಟೆಯ ಬಟ್ಟೆ ಒಗೆಯುತ್ತಿದ್ದವರಲ್ಲಿ ಒಬ್ಬಳು ಹನೋರಾ ಗ್ಯಾಫ್ನಿ.

ಹನೋರಾ ಐರ್ಲೆಂಡಿನಿಂದ ಬಂದವಳು, ಗಂಡ ಮಾರ್ಟಿನ್ ಬರೀ ಸಿಪಾಯಿ. ಸೈನ್ಯದ ಪದ್ಧತಿಯಂತೆ ಇಪ್ಪತ್ತು ಸಿಪಾಯಿಗಳಿಗೆ ಒಬ್ಬಳು ಅಗಸಗಿತ್ತಿ. ಅವಳಿಗೂ ಸಿಪಾಯಿಯಷ್ಟೇ ಪಡಿ: ಉಪ್ಪು ಹಾಕಿದ ಹಂದಿಮಾಂಸ, ಒಣಗಿದ ಕಾಳು, ಹಲ್ಲಿಗೆ ಬಗ್ಗದ ಬಿಸ್ಕತ್ತು. ಬೂದಿನೀರಿನ ಸಾಬೂನಿಗೆ ಅವಳ ಕೈ ಮೊಣಕೈವರೆಗೆ ಬಿರಿದಿತ್ತು, ನಾಲಿಗೆ ಮಾತ್ರ ಮೊಂಡಾಗಿರಲಿಲ್ಲ. ಲೆಫ್ಟಿನೆಂಟನ ಅಂಗಿಯನ್ನು ಎತ್ತಿ ಹಿಡಿದು, "ಕುದುರೆ ಮೇಲೆ ಕೂತಿರೋ ಈ ಮಹಾರಾಯನೇ ಇಷ್ಟು ಬೆವರಿದ್ರೆ, ಪಾಪ ಆ ಕುದುರೆ ಗತಿಯೇನೇ!" ಎಂದು ಉಳಿದ ಹೆಂಗಸರನ್ನು ನಗಿಸುತ್ತಿದ್ದಳು.

೧೮೪೮ರ ಆಗಸ್ಟಿನಲ್ಲಿ ಕೋಟೆಗೆ ರಕ್ತಭೇದಿ ಬಂತು. ಅವಳ ದೊಡ್ಡ ಮಗ, ಆರು ವರ್ಷದ ಫಿಂಟನ್, ಸೋಮವಾರ ಹೋದ. ನಾಲ್ಕು ವರ್ಷದ ಕಾರ್ನಿ ಶುಕ್ರವಾರ ಹೋದ. ಕೋಟೆಯ ಹಿಂದಿನ ದಿಬ್ಬದ ಮೇಲೆ ಇಬ್ಬರನ್ನೂ ಒತ್ತಟ್ಟಿಗೆ ಮಣ್ಣು ಮಾಡಿದರು. ಆ ಸೀಮೆಯಲ್ಲಿ ಕಲ್ಲಿಗೆ ಬರ. ಗುರುತಿಗೆ ಇಡೋಣವೆಂದರೆ ಮುಷ್ಟಿಗಾತ್ರದ್ದೂ ಸಿಗುವುದಿಲ್ಲ. ಮಾರ್ಟಿನ್ ಬಿಸ್ಕತ್ತಿನ ಪೆಟ್ಟಿಗೆ ಒಡೆದು, ಎರಡು ಹಲಗೆಗಳ ಮೇಲೆ ಕಾದ ಕಬ್ಬಿಣದಿಂದ ಹೆಸರು ಸುಟ್ಟು ನೆಟ್ಟ. ಅಂದಿನಿಂದ ಹನೋರಾ ದಿನವೂ ಬಟ್ಟೆ ಹರವಿ ಮುಗಿಸಿ ಅಲ್ಲಿ ಹೋಗಿ ಕೂರುವಳು. ಕೂತರೆ ಕೆಳಗೆ ನದಿ ಬಾಗುವ ಜಾಗ ಕಾಣುತ್ತಿತ್ತು. ದೊಡ್ಡವನಿಗೆ ಹೇಳಬೇಕಾದ್ದನ್ನು ದೊಡ್ಡವನಿಗೆ, ಚಿಕ್ಕವನಿಗೆ ಹೇಳಬೇಕಾದ್ದನ್ನು ಚಿಕ್ಕವನಿಗೆ ಹೇಳಿ ಎದ್ದು ಬರುವಳು.

ಮರುವರ್ಷ ಫೆಬ್ರವರಿಯಲ್ಲಿ, ಬೇಸಗೆಯಲ್ಲಿ ಅಧಿಕಾರಿಗಳ ತಂಪಿಗೆ ಕೂಡಿಡಲೆಂದು ನದಿಯ ಮಂಜುಗಡ್ಡೆ ಕೊಯ್ಯುತ್ತಿದ್ದಾಗ, ಮಾರ್ಟಿನ್ ಕಾಲು ಜಾರಿ ಗಡ್ಡೆಯ ಅಡಿಗೆ ಹೋದ. ಹೆಣವೂ ಸಿಗಲಿಲ್ಲ. ಎರಡನೇ ದಿನವೇ ಕ್ಯಾಪ್ಟನ್ ಅವಳನ್ನು ಕರೆಸಿದ.

"ಸಿಪಾಯಿ ಹೆಂಡ್ತಿಯಾದ್ರೆ ಮಾತ್ರ ಕೋಟೇಲಿ ಜಾಗ, ಹನೋರಾ. ಶನಿವಾರ ಪೇಟೆಗೆ ಗಾಡಿ ಹೋಗ್ತಿದೆ. ನಿನ್ನ ಸಾಮಾನು ಕಟ್ಕೋ."

"ನನ್ನ ಮಕ್ಳು ದಿಬ್ಬದ ಮೇಲಿವೆ ಸಾಹೇಬ್ರೇ. ಅವನ್ನ ಯಾವ ಗಂಟಲ್ಲಿ ಕಟ್ಟಲಿ?"

ಕ್ಯಾಪ್ಟನ್ ಕಿಟಕಿ ಕಡೆ ತಿರುಗಿದ. "ನಿಯಮ ನಾನು ಮಾಡಿದ್ದಲ್ಲಮ್ಮ."

ಪಕ್ಕದ ಗುಡಿಸಲಿನ ಅಗಸಗಿತ್ತಿ ಡಾರ್ಕಸ್ ಎರಡು ಸಲ ವಿಧವೆಯಾಗಿ ಮೂರನೆಯವನನ್ನು ಕಟ್ಟಿಕೊಂಡವಳು. ಅವಳು ಬಂದು ಎದುರಿಗೆ ಕೂತಳು. "ಅಳೋದು ಎಲ್ಲೂ ಓಡಿಹೋಗಲ್ಲ ಕಣೇ, ಆಮೇಲೂ ಅಳ್ಬೋದು. ಶನಿವಾರದೊಳಗೆ ಯಾವನಾದ್ರೂ ಒಬ್ಬನ್ನ ಹಿಡ್ಕೋ. ನೋಡ್ತಿರು, ನಾಳೆ ಬೆಳಿಗ್ಗೆ ಬಾಗಿಲಲ್ಲಿ ಸಾಲು ನಿಂತಿರ್ತಾರೆ. ಹೆಂಗಸರಿಗೆ ಬರ ಇರೋ ಊರು ಇದು."

ನಿಜಕ್ಕೂ ಬಂದರು. ಮೊದಲು ಬಂದ ಕಹಳೆಯವನು ಕುಡಿದಿದ್ದ. ಎರಡನೆಯವನು ಅವಳಿಗಿಂತ ಮೊದಲು ಅವಳ ಒಲೆಯನ್ನು ಬಗ್ಗಿ ಪರೀಕ್ಷಿಸಿದ. ಅವನನ್ನು ಅದೇ ಒಲೆಯ ಕೊಳ್ಳಿ ಹಿಡಿದು ಓಡಿಸಿದಳು. ಮೂರನೆಯವನು ಕಾರ್ಪೊರಲ್ ಅಲೋಯ್ಸ್ ಬ್ರೂಲ್. ಜರ್ಮನಿಯವನು, ನಲವತ್ತರ ಹತ್ತಿರ, ಹನ್ನೆರಡು ವರ್ಷದ ನೌಕರಿಯಲ್ಲಿ ಒಂದು ಕಪ್ಪು ಚುಕ್ಕೆ ಇಲ್ಲ, ಒಬ್ಬ ಗೆಳೆಯನೂ ಇಲ್ಲ. ಟೋಪಿ ಕೈಯಲ್ಲಿ ಹಿಡಿದು ಹೊಸ್ತಿಲ ಆಚೆಯೇ ನಿಂತ.

"ನಂಗೆ ಬೇಯಿಸಿ ಹಾಕೋರು ಬೇಕು. ನಿಂಗೆ ಆ ದಿಬ್ಬ ಬೇಕು. ಪ್ರೀತಿ ಗೀತಿ ನಂಗೆ ಬರಲ್ಲ, ಮೊದ್ಲೇ ಹೇಳ್ತೀನಿ."

"ನನ್ ಹತ್ರಾನೂ ಮಿಕ್ಕಿಲ್ಲ," ಅಂದಳು ಹನೋರಾ. "ಒಂದು ಮಾತು ಕೊಡು. ಆ ದಿಬ್ಬದಿಂದ ನನ್ನ ಎಬ್ಬಿಸ್ಬಾರ್ದು. ಯಾವತ್ತೂ."

"ಕೊಟ್ಟೆ."

ಇಂಥ ಮಾತು ಕೊಡುವ ಅಧಿಕಾರ ಯಾವ ಕಾರ್ಪೊರಲ್‌ಗೂ ಇಲ್ಲ. ಅವನ ಕಾಲೇ ಅವನದಲ್ಲ, ಸರ್ಕಾರ ನಡಿ ಅಂದರೆ ನಡೆಯಬೇಕು. ಇದು ಅವನಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಆದರೂ ಕೊಟ್ಟ, ಶುಕ್ರವಾರ ಮದುವೆಯಾಯಿತು, ಶನಿವಾರದ ಗಾಡಿ ಅವಳಿಲ್ಲದೆ ಹೋಯಿತು.

ನಾಲ್ಕು ವರ್ಷ ಒಂದೇ ಸೂರಿನಡಿ ಇದ್ದರು. ಜಗಳವಿಲ್ಲ, ಸಲಿಗೆಯೂ ಇಲ್ಲ. ಅವಳು ದಿಬ್ಬದ ಮೇಲೆ ಕೂತಿರುವಾಗ ಬ್ರೂಲ್ ಕೆಳಗೆ, ಬಾವುಟದ ಕಂಬದ ಹತ್ತಿರ ನಿಂತು ಕಾಯುವನು. ಒಮ್ಮೆಯೂ ಮೇಲೆ ಹತ್ತಲಿಲ್ಲ. ಸತ್ತವನ ಮಕ್ಕಳ ಹತ್ತಿರ ತನಗೇನು ಕೆಲಸ ಎಂದುಕೊಂಡಿದ್ದನೋ ಏನೋ.

೧೮೫೩ರ ಜೂನಿನಲ್ಲಿ ಅಪ್ಪಣೆ ಬಂತು: ಕೋಟೆ ಬಿಡಬೇಕು, ತುಕಡಿ ಉತ್ತರದ ಮಿನ್ನೆಸೋಟಾಕ್ಕೆ ನಡೆಯಬೇಕು, ಇಲ್ಲಿನ ಮನೆಗಳನ್ನು ಹರಾಜು ಹಾಕಬೇಕು. ಬಾವುಟದ ಕಂಬವನ್ನೂ ಕಿತ್ತು ಗಾಡಿಗೆ ಹಾಕಿದರು. ಹನೋರಾ ದಿಬ್ಬದಿಂದ ಇಳಿಯಲಿಲ್ಲ. ಕ್ಯಾಪ್ಟನ್ ಇಬ್ಬರು ಸಿಪಾಯಿಗಳನ್ನು ಕಳಿಸಿದ. ಅವರು ಅವಳನ್ನು ಮೂಟೆಯಂತೆ ಎತ್ತಿ ತಂದು ಅಗಸಗಿತ್ತಿಯರ ಗಾಡಿಯಲ್ಲಿ ಕೂರಿಸಿದರು. ಬ್ರೂಲ್ ಸಾಲಿನಲ್ಲಿ ನಿಂತು ನೆಟ್ಟಗೆ ಮುಂದೆ ನೋಡುತ್ತಿದ್ದ.

ಮೂರು ದಿನ ದಾರಿಯುದ್ದಕ್ಕೂ ಅವಳು ಅವನನ್ನು ಸುಮ್ಮನೆ ಬಿಡಲಿಲ್ಲ. ಗಾಡಿಯಿಂದಲೇ ಎಲ್ಲರಿಗೂ ಕೇಳುವಂತೆ ಕೂಗುವಳು. "ಏನಪ್ಪಾ ಕಾರ್ಪೊರಲ್, ಕೊಟ್ಟ ಮಾತು ಯಾವ ಜೇಬಲ್ಲಿಟ್ಟೆ? ನೋಡ್ರೋ ಗಂಡಸನ್ನ! ಅಂಗಿ ಗುಂಡಿ ಮಾತ್ರ ಹೊಳೀತಿದೆ!" ಸಿಪಾಯಿಗಳು ಕಿಸಕ್ಕನೆ ನಗುವರು. ಎರಡು ಸಲ ಗಾಡಿಯಿಂದ ಧುಮುಕಿ ಹಿಂದಕ್ಕೆ ಓಡಿದಳು. ಎರಡು ಸಲವೂ ಬ್ರೂಲ್‌ನೇ ಹೋಗಿ ಕರೆತಂದ. ಹೆಂಗಸೊಬ್ಬಳು ಊಟವಿಲ್ಲದೆ ಆ ಹುಲ್ಲಿನಲ್ಲಿ ಎರಡು ದಿನವೂ ಬದುಕುವುದಿಲ್ಲ.

ನಾಲ್ಕನೇ ದಿನ ಮಧ್ಯಾಹ್ನ ತುಕಡಿ ತಂಗಿದ್ದಾಗ ಬ್ರೂಲ್ ಗಾಡಿಯ ಹತ್ತಿರ ಬಂದ. ಕೋವಿ ಇರಲಿಲ್ಲ, ಹೆಗಲಲ್ಲಿ ಬಿಸ್ಕತ್ತಿನ ಚೀಲವಿತ್ತು.

"ಏಳು. ನಡಿ."

"ಎಲ್ಲಿಗೆ?"

"ಎಲ್ಲಿಗೆ ಅಂದ್ರೆ? ದಿಬ್ಬಕ್ಕೆ."

ಅವಳು ಬಯ್ದದ್ದು ನೋವಿಗೆ, ಇವನು ಹೀಗೆ ಮಾಡಲಿ ಎಂದಲ್ಲ. "ಬೇಡ ಕಣೋ, ಹಿಡಿದ್ರೆ ಚರ್ಮ ಸುಲೀತಾರೆ," ಅಂದಳು. ಆದರೆ ಅಂದದ್ದು ಒಂದೇ ಸಲ. ಕಾಲು ಆಗಲೇ ಗಾಡಿಯಿಂದ ಇಳಿದಿತ್ತು. ಆ ಒಂದೇ ಸಲಕ್ಕೆ ಅವಳು ಬದುಕಿಡೀ ತನ್ನನ್ನು ಕ್ಷಮಿಸಿಕೊಳ್ಳಲಿಲ್ಲ.

ಮಾರನೆಯ ದಿನವೇ ಕುದುರೆ ಸವಾರರು ಹಿಡಿದರು. ಮಿನ್ನೆಸೋಟಾದ ಕೋಟೆಗೆ ಒಯ್ದು ವಿಚಾರಣೆಯೆಂದು ಮೂರು ತಿಂಗಳು ಕಾವಲುಮನೆಯಲ್ಲಿಟ್ಟರು. ಯಾಕೆ ಓಡಿದೆ ಎಂದಾಗ ಬ್ರೂಲ್, "ಮಾತು ಕೊಟ್ಟಿದ್ದೆ," ಎಂದನಂತೆ. ಯಾರಿಗೆ, ಏನು ಎಂದು ಬಾಯಿಬಿಡಲಿಲ್ಲ. ಐವತ್ತು ಚಾಟಿಯೇಟು ಬಿತ್ತು. ತಲೆ ಬೋಳಿಸಿದರು. ಓಡಿಹೋದವನೆಂಬ ಗುರುತನ್ನು ಕಾದ ಕಬ್ಬಿಣದಿಂದ ಸೊಂಟದ ಮೇಲೆ ಒತ್ತಿದರು. ಅಂಗಿಯ ಗುಂಡಿಗಳನ್ನೆಲ್ಲ ಕಿತ್ತು, ಸಿಪಾಯಿಗಳನ್ನು ಎರಡು ಸಾಲು ನಿಲ್ಲಿಸಿ, ಕಳ್ಳರನ್ನು ಅಟ್ಟುವ ತಮಟೆ ಬಡಿಸುತ್ತ ನಡುವೆ ನಡೆಸಿ ಹೊರಗಟ್ಟಿದರು. ಹದಿನಾರು ವರ್ಷದ ನೌಕರಿಗೆ ಸಿಕ್ಕ ಮರ್ಯಾದೆ ಇದು. ಸಾಲಿನ ಕೊನೆಯಲ್ಲಿ ಹನೋರಾ ಒಂದು ಕಂಬಳಿ ಹಿಡಿದು ಕಾಯುತ್ತಿದ್ದಳು. ಬೆನ್ನಿನ ಮೇಲೆ ಅದನ್ನು ಹೊದಿಸಲು ಹೋದರೆ ತಾಗಿಸಿಕೊಳ್ಳಲು ಅವನಿಂದಾಗಲಿಲ್ಲ.

ಅಲ್ಲಿಂದ ಹನ್ನೊಂದು ದಿನ ನಡೆದು ಅಕ್ಟೋಬರ್ ಕೊನೆಗೆ ದಿಬ್ಬ ತಲುಪಿದರು. ಕೋಟೆಯ ಆಸ್ಪತ್ರೆಯಾಗಿದ್ದ ಮನೆಯಲ್ಲಿ ಹಿರಾಮ್ ಟಟ್ಲ್ ಎಂಬ ರೈತ ಸಂಸಾರ ಹೂಡಿದ್ದ. ಉಳಿದ ಮನೆಗಳು ಬೂದಿಯಾಗಿದ್ದವು. ಸುತ್ತ ಕಣ್ಣು ಹಾಯುವವರೆಗೆ ನೆಲ ಕರ್ರಗಿತ್ತು.

ಹುಲ್ಲುಗಾವಲಿಗೆ ಹಿಂಗಾರಿನಲ್ಲಿ ಬೆಂಕಿ ಬೀಳುವುದು ಹೊಸದಲ್ಲ. ಅದಕ್ಕೇ ಪ್ರತಿವರ್ಷ ಹುಲ್ಲು ಒಣಗುತ್ತಲೇ ಸಿಪಾಯಿಗಳು ಕೋಟೆಯ ಸುತ್ತ, ದಿಬ್ಬದ ಸುತ್ತ, ಇಪ್ಪತ್ತು ಮಾರು ಅಗಲ ತಾವೇ ಸುಟ್ಟು ಬರಿನೆಲ ಮಾಡುವರು. ದೂರದ ಬೆಂಕಿ ಅಲ್ಲಿಗೆ ಬಂದು ಸಾಯುವುದು. ಈ ಸಲ ಸುಡುವವರು ಇರಲಿಲ್ಲ, ಟಟ್ಲ್‌ಗೆ ಆ ಪದ್ಧತಿ ಗೊತ್ತಿರಲಿಲ್ಲ. ಬಿಸ್ಕತ್ತಿನ ಪೆಟ್ಟಿಗೆಯ ಹಲಗೆಗಳು ಎಷ್ಟು ಹೊತ್ತು ಉರಿದಾವು? ಅಷ್ಟೇ ಆಗಿದ್ದರೆ ಮಣ್ಣಿನ ಗುಡ್ಡೆಯ ಗುರುತಾದರೂ ಉಳಿಯುತ್ತಿತ್ತು. ಬೆಂಕಿಗೆ ಹೆದರಿದ ಟಟ್ಲ್, ಮುಂದಿನ ಸಲ ತನ್ನ ಮನೆಯಾದರೂ ಉಳಿಯಲೆಂದು ಇಡೀ ದಿಬ್ಬಕ್ಕೆ ನೇಗಿಲು ಹೂಡಿದ್ದ.

"ಒಂದು ಕಡ್ಡೀನೂ ನಿಂತಿರ್ಲಿಲ್ಲ ಕಣಮ್ಮ," ಅಂದ ಟಟ್ಲ್. ಅವನ ಮುಖ ಬಿಳಿಚಿತ್ತು. "ದೇವರಾಣೆ, ಗೊತ್ತಿದ್ರೆ ನಾನು ಎತ್ತು ಹೂಡ್ತಿದ್ನಾ? ನಂಗೂ ಮಕ್ಳಿದಾವೆ."

ಹನೋರಾ ಉಳುಮೆಯ ಸಾಲುಗಳಲ್ಲಿ ಎಡವುತ್ತ ಎಲ್ಲ ಕಡೆ ನಡೆದಳು. ಹೆಂಟೆ, ಬರೀ ಹೆಂಟೆ. ಬ್ರೂಲ್ ಕೆಳಗೆ, ಕಂಬ ಕಿತ್ತ ಗುಂಡಿಯನ್ನು ಹುಡುಕಿ, ಅಲ್ಲಿಂದ ಹೆಜ್ಜೆ ಎಣಿಸುತ್ತ ಮೇಲೆ ಹತ್ತತೊಡಗಿದ. ಬೆನ್ನು ಇನ್ನೂ ಮಾಯ್ದಿರಲಿಲ್ಲ, ಬಗ್ಗಿಕೊಂಡೇ ಹತ್ತಿದ. ನಾಲ್ಕು ವರ್ಷ ಕೆಳಗೆ ನಿಂತು ನೋಡಿದ ಅಂದಾಜಿನ ಮೇಲೆ ಒಂದು ಕಡೆ ನಿಂತು, ಮೊಣಕಾಲೂರಿ ಎರಡೂ ಕೈಯಿಂದ ಹೆಂಟೆ ಒಡೆದು ಸಮ ಮಾಡಿದ.

"ಇಲ್ಲೇ, ಹನೋರಾ. ನೀನು ಕೂರ್ತಿದ್ದದ್ದು ಇಲ್ಲೇ. ಹೌದು ತಾನೆ?"

ಅಲ್ಲ. ಅಲ್ಲಿ ನಿಂತರೆ ನದಿಯ ಬಾಗು ಕಾಣುವುದೇ ಇಲ್ಲ. ಮಕ್ಕಳು ಮಲಗಿದ್ದದ್ದು ಆಚೆ ಮಗ್ಗುಲಲ್ಲಿ, ಅಲ್ಲಿನ ನೂರಾರು ಸಾಲುಗಳಲ್ಲಿ ಎಲ್ಲೋ. ಅವಳು ಅವನ ಬೋಳುತಲೆ ನೋಡಿದಳು. ತಲೆಯೆತ್ತಿ ಅವಳ ಬಾಯಿಯನ್ನೇ ನೋಡುತ್ತಿದ್ದ ಅವನ ಕಣ್ಣು ನೋಡಿದಳು.

"ಹೌದು ಕಣೋ," ಅಂದಳು. "ಇಲ್ಲೇ."

ಬ್ರೂಲ್ ಅವತ್ತೇ ಟಟ್ಲ್‌ನಿಂದ ಎರಡು ಹಲಗೆ ಬೇಡಿ ತಂದು, ಕಾದ ಕಬ್ಬಿಣದಿಂದ ಹೆಸರು ಸುಟ್ಟು ನೆಟ್ಟ. ಟಟ್ಲ್ ಆ ಹತ್ತು ಅಡಿಯನ್ನು ಮತ್ತೆ ಉಳಲಿಲ್ಲ. ಆಚೆ ಮಗ್ಗುಲಲ್ಲಿ ವರ್ಷ ವರ್ಷವೂ ಮುಸುಕಿನ ಜೋಳ ಬೆಳೆದ. ಗಂಡಹೆಂಡತಿ ಅವನ ಹೊಲದಲ್ಲಿ ಕೂಲಿ ಮಾಡಿಕೊಂಡು ಹೆಂಟೆಗೋಡೆಯ ಗುಡಿಸಲಲ್ಲಿ ಒಂಬತ್ತು ವರ್ಷ ಬದುಕಿದರು. ಭಾನುವಾರ ಇಬ್ಬರೂ ದಿಬ್ಬಕ್ಕೆ ಹೋಗುವರು. ಈಗ ಬ್ರೂಲ್ ಅವಳ ಪಕ್ಕದಲ್ಲೇ ಕೂರುತ್ತಿದ್ದ, ಹುಡುಗರ ಜೊತೆ ಜರ್ಮನ್ ಭಾಷೆಯಲ್ಲಿ ಮೆಲ್ಲಗೆ ಮಾತಾಡುತ್ತಿದ್ದ. ಹನೋರಾ ಅಲ್ಲಿ ಯಾವತ್ತೂ ಬಾಯಿ ತೆರೆಯಲಿಲ್ಲ. ಟಟ್ಲ್‌ನ ಜೋಳ ಕೊಯ್ಯಲು ಮಾತ್ರ ಅವಳು ಎಂದೂ ಒಪ್ಪುತ್ತಿರಲಿಲ್ಲ. ಬೇರೆ ಯಾವ ಕೆಲಸ ಹೇಳಿದರೂ ಮಾಡುವಳು.

೧೮೬೨ರ ಚಳಿಗಾಲದಲ್ಲಿ ಬ್ರೂಲ್ ಸತ್ತ. ತನ್ನನ್ನು ಹುಡುಗರ ಪಕ್ಕದಲ್ಲೇ ಇಡಬೇಕೆಂದು ಕೇಳಿಕೊಂಡಿದ್ದ. ಹನೋರಾ ಅವನು ಕೇಳಿದ ಜಾಗದಲ್ಲೇ ಇಡಿಸಿದಳು. ಮಣ್ಣು ಮುಚ್ಚಿ ಎಲ್ಲರೂ ಇಳಿದುಹೋದ ಮೇಲೆ ಟಟ್ಲ್‌ನ ಹೆಂಡತಿ ಅವಳ ಕೈ ಹಿಡಿದು ಸಮಾಧಾನ ಹೇಳಿದಳು: "ಒಬ್ಬನೇ ಇಲ್ಲವಲ್ಲ ಬಿಡಮ್ಮ, ಮಕ್ಳು ಜೊತೇಲಿವೆ."

ಒಂಬತ್ತು ವರ್ಷ ಬಚ್ಚಿಟ್ಟದ್ದನ್ನು ಅವಳು ಆಗ ಆ ಹೆಂಗಸಿಗೆ ಹೇಳಿದಳು, ಅಳುತ್ತ ಅಲ್ಲ, ಒದ್ದೆ ಮಣ್ಣಿನ ಕಡೆ ನೋಡುತ್ತ.

"ಇಲ್ಲ ಕಣೇ. ಅಲ್ಲಿ ಅವನೊಬ್ನೇ ಇರೋದು."