ಭಾವನ ಡೊಂಬಿವಲಿ

ತನ್ನ ಕಂಠ ಇಂಪಾಗಿದೆಯೆಂಬ ಭ್ರಮೆ ಬಚ್ಚಲಮನೆಯಲ್ಲಿ ಹುಟ್ಟಿ ಮೊಬೈಲಿನ ರೆಕಾರ್ಡಿಂಗಿನಲ್ಲಿ ಸಾಯುತ್ತದೆ. ನನ್ನದು ಅಲ್ಲಿಯೂ ಸಾಯದೆ ಚಿರಂಜೀವಿಯಾಗಿ ಉಳಿದಿತ್ತು. ಆದ್ದರಿಂದಲೇ, ಕನ್ನಡ ಸಂಘದ ವಾರ್ಷಿಕೋತ್ಸವಕ್ಕೆಂದು ಅಕ್ಕನ ಮಗಳು ಶ್ರಾವಣಿ, ಸದಸ್ಯರು ಊರು ಬಿಟ್ಟು ಈ ಮರಾಠಿ ನೆಲಕ್ಕೆ ಬಂದಿಳಿದ ಮೊದಲ ದಿನದ ಕುರಿತು ಬರೆದದ್ದನ್ನು ಅವರಿಂದಲೇ ಓದಿಸಿ ರೆಕಾರ್ಡ್ ಮಾಡಿ, ಆ ದನಿಗಳ ಸುತ್ತ ತಾನೇ ಸಂಗೀತ ಹೆಣೆಯುತ್ತೇನೆಂದಾಗ, ಕರೆಯುವ ಮೊದಲೇ ಕಾಮೋಠೆಯಿಂದ ಹೊರಟು ಡೊಂಬಿವಲಿಯ ಅವಳ ಮನೆ ಸೇರಿದೆ.

ನನ್ನ ನಂತರ ಓದಲು ಕುಳಿತವರನ್ನು ನೋಡಿದರೆ, ಭಾವ! ಶ್ರಾವಣಿಯ ಅಪ್ಪ, ಉಡುಪಿ ಕಡೆಯವರು, ಠಾಣೆಯ ಹೋಟೆಲೊಂದರ ಮ್ಯಾನೇಜರು, ಬಾಲ್ಯದಿಂದ ಉಗ್ಗು. ಅದರಲ್ಲೂ ತಾವಿರುವ ಊರಿನ ಹೆಸರೇ ಅವರ ನಾಲಗೆಗೆ ಶತ್ರು. ಲೋಕಲ್ ರೈಲಿನ ಪಾಸು ಮುಗಿದ ದಿನಗಳಲ್ಲಿ, ಟಿಕೆಟ್ ಕೌಂಟರಿನ ಮುಂದೆ 'ಡೊಂಬಿವಲಿ' ಹೊರಡದೆ, ಸಲೀಸಾಗಿ ಬರುವ 'ಕಲ್ಯಾಣ'ವನ್ನೇ ಕೇಳಿ, ನಡುವೆ ಡೊಂಬಿವಲಿಯಲ್ಲಿ ಇಳಿದುಬಿಡುವವರು. ಸಭೆ ಸಮಾರಂಭಗಳಲ್ಲಿ ಅವರ ಪರವಾಗಿ ಮಾತಾಡುವ ಹುದ್ದೆಯನ್ನು, ಯಾರೂ ಕೊಡದಿದ್ದರೂ, ನಾನೇ ವಹಿಸಿಕೊಂಡಿದ್ದೆ.

"ಡೊಂ... ಡೊಂ... ಡೊಂ..." ಮೈಕಿನ ಮುಂದೆ ಭಾವ ಬೆವರಿದರು.

ಅವರು ಎದ್ದು ಒಳಗೆ ಹೋದಮೇಲೆ ಶ್ರಾವಣಿಗೆ ಉಪದೇಶಿಸಿದೆ. "ಆ ಉಗ್ಗೆಲ್ಲ ಕಟ್ ಮಾಡಿಬಿಡು ಮಗಾ. ಜನ ನಗ್ತಾರೆ."

"ನಹೀ ಮಾಮಾ, ಕುಛ್ ನಹೀ ಕಟೇಗಾ. ಪಪ್ಪಾ ಮಾತಾಡೋದೇ ಹಾಗಲ್ವಾ?" ಎಂದಳು.

ವಾರ್ಷಿಕೋತ್ಸವದ ಸಂಜೆ ಸಭಾಂಗಣದ ದೀಪ ಆರಿಸಿ ಶ್ರಾವಣಿ ಹೆಣೆದದ್ದನ್ನು ಕೇಳಿಸಿದರು. ನನ್ನ ಘನಗಂಭೀರ ವಾಚನ ಎರಡೇ ವಾಕ್ಯಕ್ಕಿಳಿದು, ಕೊಳಲಿನ ಹಿಂದೆಲ್ಲೋ ಗೊಣಗಿ ಮರೆಯಾಯಿತು. ಆಮೇಲೆ ಭಾವನ ದನಿ. "ಡೊಂ..." ನಾನು ಕಣ್ಣು ಮುಚ್ಚಿಕೊಂಡೆ. ಮದ್ದಲೆಯೂ 'ಡೊಂ' ಎಂದಿತು. ಮತ್ತೆ ಭಾವ, ಮತ್ತೆ ಮದ್ದಲೆ. ಅವರು ತಡೆದಲ್ಲಿ ಅದೂ ತಡೆಯಿತು; ಅವರು ಉಸಿರೆಳೆದಲ್ಲಿ ಪಿಟೀಲು ನೀಳವಾಗಿ ಉಸಿರೆಳೆಯಿತು. ಅಷ್ಟೂ ವಾದ್ಯಗಳು ಒಬ್ಬ ಮನುಷ್ಯನ ಮಾತಿಗಾಗಿ ಅವಸರವಿಲ್ಲದೆ ಕಾದು ನಿಂತಿದ್ದವು. ಕೊನೆಗೆ 'ಬಿವಲಿ' ಬಂದಾಗ ಎಲ್ಲವೂ ಒಮ್ಮೆಲೇ ಹಾಡಿದವು. ಯಾರೂ ನಗಲಿಲ್ಲ. ನೀವೇ ಹೇಳಿ, ಇಷ್ಟು ವರ್ಷ ನಾನು ಮಾತು ತುರುಕಿ ಮುಚ್ಚುತ್ತಿದ್ದ ಆ ಖಾಲಿ ಜಾಗದಲ್ಲಿ ಇಷ್ಟೊಂದು ಇತ್ತೇ?

ಚಪ್ಪಾಳೆ ನಿಂತಮೇಲೆ ಅಧ್ಯಕ್ಷರು ಭಾವನ ಕಡೆ ತಿರುಗಿ, "ಶೆಟ್ರೇ, ಎರಡು ಮಾತು ಹೇಳಿ" ಎಂದರು. ಅಭ್ಯಾಸಬಲದಿಂದ ನಾನೇ ಎದ್ದೆ. ಭಾವ ನನ್ನ ಭುಜ ಒತ್ತಿದರು.

"ನೀ... ನೀನು ಕೂತ್ಕೊ ಮಾರಾಯಾ."

ಮೈಕಿನ ಮುಂದೆ ನಿಂತರು. "ಇ... ಇ..." ಸಭೆ ಕಾಯಿತು. ಬದಿಯಲ್ಲಿ ನಿಂತಿದ್ದ ಶ್ರಾವಣಿಯೂ ಕಾದಳು.

"ಇವಳು ನ... ನನ್ನ ಮಗಳು."

ಕೇಳಿದ್ದು ಎರಡು ಮಾತು; ಭಾವ ಹೇಳಿದ್ದು ಒಂದೇ. ದೊಡ್ಡ ಭಾಷಣ ಮುಗಿಸಿದವರ ಠೀವಿಯಲ್ಲಿ ವೇದಿಕೆಯಿಂದ ಇಳಿದು ಬಂದರು.