ಲೆಂಪಿಯ ಕಾದಂಬರಿ, ಒರಿನ್‌ನ ಎರಡು ಸಾಲು

ಹಳೇ ಸಾಮಾನಿನ ಅಂಗಡಿಯಲ್ಲಿಟ್ಟರೆ ಲೆಂಪಿ ಹೌಟಾಲ ಬೇಗ ಖರ್ಚಾಗುವ ಸರಕಲ್ಲ. ಹೊಳಪಿಲ್ಲ, ಕೆತ್ತನೆಯಿಲ್ಲ, ಎತ್ತಿದರೆ ಅಂದುಕೊಂಡದ್ದಕ್ಕಿಂತ ಭಾರ. ಅರವತ್ತು ದಾಟಿದ ವಯಸ್ಸು, ಬೂದು ಸ್ವೆಟರು, ಗಂಡಸರ ಬೂಟು. ಮಾತಾಡುವ ಮುಂಚೆ ಒಂದು ಉಸಿರು ಒಳಗೆಳೆದುಕೊಳ್ಳುತ್ತಾಳೆ, ಮೂರು ಸಲಕ್ಕೆ ಎರಡು ಸಲ ಮಾತಾಡದೆಯೇ ಅದನ್ನು ಹೊರಗೆ ಬಿಡುತ್ತಾಳೆ. ಆದರೆ ತಿರುಗಿಸಿ ತಳ ನೋಡಿದರೆ ಎಲ್ಲೂ ಬೆಸುಗೆಯಿಲ್ಲ, ತೇಪೆಯಿಲ್ಲ. ಇಂಥ ಸಾಮಾನನ್ನು ಒರಿನ್ ಟ್ರೆವಾರೋ ಕಿಟಕಿಯಲ್ಲಿ ಇಡುವುದಿಲ್ಲ. ತನ್ನ ಕುರ್ಚಿಯ ಪಕ್ಕ ಇಟ್ಟುಕೊಂಡು, ಕೇಳಿದವರಿಗೆಲ್ಲ ಮಾರಾಟಕ್ಕಲ್ಲ ಎನ್ನುತ್ತಾನೆ.

ಸುಪೀರಿಯರ್ ಸರೋವರದ ದಂಡೆಯಲ್ಲಿ, ತಾಮ್ರದ ಗಣಿಗಳು ಮುಚ್ಚಿಹೋದ ಊರೊಂದರಲ್ಲಿ ಒರಿನ್‌ನ ಅಂಗಡಿ. ಗರಗಸ, ಉಳಿ, ಕೊಡಲಿ, ಹಿಮ ಎತ್ತುವ ಸಲಿಕೆ, ಎಲ್ಲ ಒಬ್ಬರು ಬಳಸಿ ಬಿಟ್ಟದ್ದು. ಅವುಗಳ ಬಗ್ಗೆ ಅವನು ಒಂದು ಬ್ಲಾಗು ಬರೆಯುತ್ತಿದ್ದ. ಮೊದಲು ಸಾಮಾನಿನ ಐಬು, ಆಮೇಲೆ ಗುಣ. ಹಿಡಿ ಸೀಳಿದೆ ಎಂದು ತಾನೇ ಮೊದಲು ಹೇಳಿಬಿಟ್ಟರೆ ಗಿರಾಕಿಗೆ ಹುಡುಕಲು ಏನೂ ಉಳಿಯುವುದಿಲ್ಲ, ಆಮೇಲೆ ಹೇಳುವ ಹೊಗಳಿಕೆಯನ್ನು ನಂಬುತ್ತಾನೆ. ಲೆಂಪಿ ಪಕ್ಕದ ಊರಿನ ವೃದ್ಧಾಶ್ರಮದಲ್ಲಿ ಅಡುಗೆಯವಳು. ಅವಳ ಬ್ಲಾಗಿನಲ್ಲಿ ಅಲ್ಲಿನ ಮುದುಕರು ಏನು ತಿಂದರು, ಏನು ಬಿಟ್ಟರು, ತಿನ್ನುತ್ತಾ ಯಾವ ಹಳೇ ಕತೆ ಹೇಳಿದರು ಎಂಬುದೆಲ್ಲ ಇರುತ್ತಿತ್ತು. ಒರಿನ್ ಏನು ಬರೆದರೂ ಕೆಳಗೆ ಮೊದಲ ಟಿಪ್ಪಣಿ ಅವಳದೇ. ಒಂದೇ ಪದ: "ಓದಿದೆ."

ಆ ಭಾಗದ ಬ್ಲಾಗಿನವರೆಲ್ಲ ಬೇಸಿಗೆಯಲ್ಲಿ ಒಮ್ಮೆ ಸರೋವರದ ಪಾರ್ಕಿನಲ್ಲಿ ಸೇರಿ, ಮಾಂಸ ಆಲೂಗೆಡ್ಡೆ ತುಂಬಿದ ಪಾಸ್ಟಿ ತಿಂದು, ಒಬ್ಬರನ್ನೊಬ್ಬರು ಹೊಗಳಿ ಮನೆಗೆ ಹೋಗುವ ಪದ್ಧತಿ. ಆ ವರ್ಷ ಲೆಂಪಿ ಬ್ರೆಡ್ಡಿನ ಚೀಲದಲ್ಲಿ ಸುತ್ತಿದ ಒಂದು ಪುಸ್ತಕವನ್ನು ಒರಿನ್‌ನ ತಟ್ಟೆಯ ಪಕ್ಕ ಇಟ್ಟಳು. ಅವಳೇ ಬರೆದು ಅಚ್ಚು ಹಾಕಿಸಿದ ಕಾದಂಬರಿ, ಆರದ ಹಾಸಿಗೆ.

"ಎಲ್ಲರೂ ಚೆನ್ನಾಗಿದೆ ಅಂತ ಬರೆದಾಗಿದೆಯಲ್ಲ," ಎಂದ ಒರಿನ್.

"ರಕ್ಷಾಪುಟ ಚೆನ್ನಾಗಿದೆ ಅಂತ ಬರೆದಿದಾರೆ. ಒಳಗೆ ಯಾರೂ ಕಾಲಿಟ್ಟಿಲ್ಲ. ನೀನು ಓದು. ಓದಿ, ನಿನ್ನ ಗರಗಸದ ಬಗ್ಗೆ ಬರೀತೀಯಲ್ಲ, ಹಾಗೆ ಬರಿ."

"ಗರಗಸಕ್ಕೆ ಬೇಜಾರಾಗಲ್ಲ, ಲೆಂಪಿ."

"ಎರಡನೇದು ಅರ್ಧ ಬರೆದಿಟ್ಟಿದೀನಿ. ಮೊದಲನೇದು ದಂಡ ಅಂದ್ರೆ ಅದನ್ನ ಒಲೆಗೆ ಹಾಕ್ತೀನಿ. ಈ ವಯಸ್ಸಲ್ಲಿ ಸುಮ್ನೆ ಕೂತು ಬರೆಯೋದಕ್ಕೆ ನಂಗೆ ಪುರುಸೊತ್ತಿಲ್ಲ."

ಇಷ್ಟು ಉದ್ದದ ಮಾತನ್ನು ಅವಳು ಆಡಿದ್ದನ್ನು ಒರಿನ್ ಅದಕ್ಕೆ ಮುಂಚೆ ಕೇಳಿರಲಿಲ್ಲ.

ಅಂಗಡಿಯಲ್ಲಿ ಕೂತು ಓದಲು ಶುರುಮಾಡಿದ. ಮೊದಲ ನಲವತ್ತು ಪುಟ ಬರೀ ಗಣಿ. ಬಾವಿ ಎಷ್ಟು ಆಳ, ಹಳಿ ಎಲ್ಲಿ ತಿರುಗುತ್ತದೆ, ಪಂಪು ಯಾವ ಕಂಪನಿಯದು. ಎರಡು ಸಲ ಪುಸ್ತಕ ಮುಚ್ಚಿದ. ನಲವತ್ತೊಂದನೇ ಪುಟದಲ್ಲಿ ಗಣಿಯಾಳುಗಳ ವಸತಿಗೃಹ ಬಂತು. ಅಲ್ಲಿ ಒಂದೇ ಹಾಸಿಗೆಗೆ ಇಬ್ಬರು. ಹಗಲು ಪಾಳಿಯ ಎಯ್ನೋ ಎದ್ದು ಹೋದ ಮೇಲೆ ರಾತ್ರಿ ಪಾಳಿಯವನು ಬಂದು ಮಲಗುತ್ತಾನೆ. ಇಬ್ಬರೂ ಮುಖ ನೋಡಿಕೊಂಡಿಲ್ಲ. ಮಲಗಿದಾಗ ಹತ್ತುವ ಶಾಖದಿಂದಷ್ಟೇ ಪರಿಚಯ. ಎಯ್ನೋ ತನ್ನ ಪಾಲಿನ ಏಲಕ್ಕಿ ಬ್ರೆಡ್ಡಿನ ಒಂದು ತುಂಡನ್ನು ದಿಂಬಿನಡಿ ಇಟ್ಟು ಹೋಗುತ್ತಾನೆ. ಸಂಜೆ ಬಂದರೆ ಅಲ್ಲಿ ತಂಬಾಕು ಇರುತ್ತದೆ.

ಒಬ್ಬ ಗಿರಾಕಿ ಬಂದು ಕೇಳಿದ, "ಈ ಸಲಿಕೆಗೆ ಎಷ್ಟು, ಒರಿನ್?"

"ಎಷ್ಟಾದ್ರೂ ಕೊಟ್ಟು ಹೋಗು."

"ಏನಯ್ಯಾ, ಮೈಯಲ್ಲಿ ಹುಷಾರಿಲ್ವಾ?"

"ನಂಗಲ್ಲ. ಈ ರಾತ್ರಿ ಪಾಳಿಯವನಿಗೆ. ಬೆಳಿಗ್ಗೆಯಿಂದ ಕೆಮ್ತಾನೇ ಇದಾನೆ."

ಗಿರಾಕಿ ಅಂಗಡಿಯನ್ನೆಲ್ಲ ಒಮ್ಮೆ ನೋಡಿದ. ಕೆಮ್ಮುವವರು ಯಾರೂ ಕಾಣಲಿಲ್ಲ. ಸಲಿಕೆಯನ್ನು ಅಲ್ಲೇ ಬಿಟ್ಟು ಹೊರಟ.

ಒರಿನ್ ತನ್ನ ಪದ್ಧತಿಯಂತೆಯೇ ಬರೆದ. ಮೊದಲು ಐಬು: "ಲೆಂಪಿ ಹೌಟಾಲ ಬರೆದ ಕಾದಂಬರಿಯ ಮೊದಲ ನಲವತ್ತು ಪುಟ ಒದ್ದೆ ಸೌದೆ. ಹೊಗೆಯೇ ಹೊಗೆ, ಉರಿ ಇಲ್ಲ." ಅದರ ಕೆಳಗೆ ಗುಣ. ತಾನು ಯಾವ ಗರಗಸದ ಬಗ್ಗೆಯೂ ಬರೆಯದಷ್ಟು ಉದ್ದಕ್ಕೆ ಹೊಗಳಿ, ಮನೆಗೊಂದು ಪ್ರತಿ ಇರಲೇಬೇಕೆಂದು ಮುಗಿಸಿದ.

ಮಧ್ಯಾಹ್ನದ ಹೊತ್ತಿಗೆ ಟಿಪ್ಪಣಿಗಳು ಬಂದವು. "ಪಾಪ ಲೆಂಪಿ." "ಇಷ್ಟು ಖಾರ ಬೇಕಿತ್ತಾ?" "ಗರಗಸ ಮಾರುವವರಿಗೆ ಕಾದಂಬರಿ ಯಾಕೆ?" ಒರಿನ್‌ಗೆ ತಲೆಬುಡ ತಿಳಿಯಲಿಲ್ಲ. ಆಮೇಲೆ ಹೊಳೆಯಿತು. ಹೊಸ ಬರಹ ಬಂದಾಗ ಎಲ್ಲರ ಮಿಂಚಂಚೆಗೂ ಹೋಗುವುದು ಮೊದಲ ಎರಡು ಸಾಲು ಮಾತ್ರ. ಮಿಕ್ಕದ್ದು ಬೇಕಾದರೆ ಒತ್ತಿ ಓದಬೇಕು. ಗರಗಸ ಕೊಳ್ಳುವವನು ಒತ್ತುತ್ತಾನೆ, ಅವನಿಗೆ ಗರಗಸ ಬೇಕು. ಇವರಿಗೆ ಎರಡು ಸಾಲೇ ಹೊಟ್ಟೆ ತುಂಬುವಷ್ಟಾಗಿತ್ತು.

ಲೆಂಪಿಯ "ಓದಿದೆ" ಬರಲಿಲ್ಲ. ಆ ವಾರ ವೃದ್ಧಾಶ್ರಮದ ಮುದುಕರು ಏನು ತಿಂದರೆಂಬುದೂ ಯಾರಿಗೂ ತಿಳಿಯಲಿಲ್ಲ.

ಶನಿವಾರ ಅವನು ಫೋನು ಮಾಡಿದಾಗ ಎತ್ತಿದ್ದು ಲೆಂಪಿಯ ಜೊತೆಗೇ ಇರುವ ಅಕ್ಕ ಎಲ್ಮಾ.

"ಓ, ಒದ್ದೆ ಸೌದೆಯವರಾ? ಅವಳು ಸೌನಾ ಕಾಯಿಸ್ತಿದಾಳೆ. ಇವತ್ತು ಒಣಗಿದ ಸೌದೆ ಒಂದು ಡಬ್ಬ ಸಿಕ್ಕಿದೆ. ಕಾಗದದ್ದು."

ಒರಿನ್ ಗಿರಾಕಿಗಳನ್ನು ಹೊರಗೆ ಕಳಿಸಿ, ಅಂಗಡಿ ಮುಚ್ಚಿ ಗಾಡಿ ಹತ್ತಿದ.

ಹಿತ್ತಲಿನ ಸೌನಾದ, ಅಂದರೆ ಹಬೆಸ್ನಾನದ ಮನೆಯ, ಚಿಮಣಿಯಲ್ಲಿ ಹೊಗೆ ಏಳುತ್ತಿತ್ತು. ಲೆಂಪಿ ಮೆಟ್ಟಿಲ ಮೇಲೆ ಕೂತಿದ್ದಳು, ಕಾಲ ಬಳಿ ರಟ್ಟಿನ ಡಬ್ಬ. ಡಬ್ಬ ಇನ್ನೂ ತುಂಬಿತ್ತು.

"ಪೂರ್ತಿ ಓದಿದ್ಯಾ?" ಎಂದ ಒರಿನ್.

"ಎರಡೂ ಸಾಲು ಓದಿದೆ. ಚೆನ್ನಾಗಿ ಬರೆದಿದೀಯ. ಇಲ್ಲ ಅನ್ನೋ ಹಾಗಿಲ್ಲ."

"ಕೆಳಗಿನದು?"

"ಕೆಳಗೆ ಏನಿತ್ತು?"

ಒರಿನ್ ಸೌದೆಯ ದಿಮ್ಮಿಯ ಮೇಲೆ ಕೂತ.

"ಎಯ್ನೋ ಒಂದಿನ ಸಂಜೆ ಬಂದು ಮಲಗ್ತಾನಲ್ಲ, ಹಾಸಿಗೆ ತಣ್ಣಗಿರುತ್ತಲ್ಲ. ದಿಂಬಿನಡಿ ಬ್ರೆಡ್ಡು ಇಟ್ಟಲ್ಲೇ ಇರುತ್ತೆ. ಆ ಪುಟ ನಾನು ನಿಂತ್ಕೊಂಡು ಓದಿದೆ."

"ನಿಂತ್ಕೊಂಡು ಯಾಕೆ?"

"ಕೂರೋಕೆ ಆಗ್ಲಿಲ್ಲ. ಮೇವಿಸ್ ಹೋದ ಮೇಲೆ ನಾನು ಹಾಸಿಗೇಲಿ ಈಚೆ ಕಡೇನೇ ಮಲಗೋದು, ಲೆಂಪಿ. ಆಚೆ ಕಡೆ ಕೈ ಹಾಕಲ್ಲ. ತಣ್ಣಗಿರುತ್ತೆ. ನನ್ನ ಹೆಂಡತಿ ವಿಷಯ, ಯಾರ ಹತ್ರ ಹೇಳ್ಲಿ? ನೀನು ನೂರು ವರ್ಷದ ಹಿಂದಿನವನ ಕೈಲಿ ಹೇಳಿಸಿಬಿಟ್ಟಿದೀಯ."

ಲೆಂಪಿ ಉಸಿರು ಒಳಗೆಳೆದುಕೊಂಡಳು. ಈ ಸಲ ಮಾತು ಹೊರಗೆ ಬಂತು.

"ಹಂಗಾದ್ರೆ ಆ ನಲವತ್ತು ಪುಟ?"

"ಅದು ಈಗಲೂ ಒದ್ದೆ ಸೌದೆನೇ."

"ನಾನೂ ಅದನ್ನೇ ಬಡ್ಕೊಂಡೆ," ಎಂದಳು ಕಾಫಿ ಹಿಡಿದು ಬಂದ ಎಲ್ಮಾ. "ಪಂಪು ಯಾವ ಕಂಪನಿದಾದ್ರೆ ಯಾರಿಗೇನು? ಅಕ್ಕನ ಮಾತು ಯಾರು ಕೇಳ್ತಾರೆ!"

ಒರಿನ್ ಡಬ್ಬದ ಕಡೆ ನೋಡಿದ. "ಹೊಸದೂ ಗಣಿಯಿಂದಾನೇ ಶುರುವಾಗುತ್ತಾ?"

"ಸ್ವಲ್ಪ."

"ಎಷ್ಟು ಸ್ವಲ್ಪ?"

ಲೆಂಪಿ ಡಬ್ಬದಿಂದ ಒಂದು ಕಟ್ಟು ಎತ್ತಿ ತೋರಿಸಿದಳು. ಎರಡು ಬೆರಳು ದಪ್ಪ ಇತ್ತು.

"ಅಷ್ಟನ್ನ ಹಾಕು. ಉಳಿದದ್ದನ್ನ ಅಡುಗೆಮನೆಗೆ ತಗೊಂಡು ಹೋಗು."

ಅವಳು ಕಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಮೊದಲ ಹಾಳೆಯನ್ನು ಒಮ್ಮೆ ಓದಿದಳು. ಮುಖ ಸಿಂಡರಿಸಿದಳು. ಎದ್ದು ಒಳಗೆ ಹೋಗಿ ತಾನೇ ಒಲೆಗೆ ಹಾಕಿ ಬಂದಳು. ಡಬ್ಬವನ್ನು ಎಲ್ಮಾ ಹೊತ್ತೊಯ್ದಳು, ಇವರಿಬ್ಬರ ಮೇಲೂ ನಂಬಿಕೆಯಿಲ್ಲದವಳ ಹಾಗೆ.

ಒರಿನ್ ಸೋಮವಾರ ತನ್ನ ಬರಹವನ್ನು ತಲೆಕೆಳಗು ಮಾಡಿ ಮತ್ತೆ ಹಾಕಿದ. ತಣ್ಣಗಿನ ಹಾಸಿಗೆ ಮೇಲಕ್ಕೆ ಬಂತು, ಒದ್ದೆ ಸೌದೆ ಕೆಳಕ್ಕೆ ಹೋಯಿತು. ಒಂದು ಪದವನ್ನೂ ಅಳಿಸಲಿಲ್ಲ. ಈ ಸಲ ಕೆಲವರು ಒತ್ತಿ ಓದಿದರು, ಅವರಲ್ಲಿ ಕೆಲವರು ಪುಸ್ತಕವನ್ನೂ ತರಿಸಿಕೊಂಡರು. ಅಂಗಡಿಯಲ್ಲೂ ಅವನು ಈಗ ಗಲ್ಲಾದ ಪಕ್ಕ ನಾಲ್ಕು ಪ್ರತಿ ಇಟ್ಟಿದ್ದಾನೆ. ಕೊಡಲಿ ಕೇಳಲು ಬಂದವರಿಗೆ ಅದನ್ನು ಕೈಗೆ ಕೊಟ್ಟು, ನಲವತ್ತೊಂದನೇ ಪುಟದಿಂದ ಶುರುಮಾಡಿ ಎನ್ನುತ್ತಾನೆ.

ಹೆಂಡತಿ ಸತ್ತ ಮೇಲೆ ಅವಳ ಹೆಸರನ್ನು ಒರಿನ್ ಇನ್ನೊಬ್ಬರ ಮುಂದೆ ಬಾಯಿಬಿಟ್ಟು ಹೇಳಿದ್ದು ಆ ಸೌನಾ ಮೆಟ್ಟಿಲ ಬಳಿಯೇ ಮೊದಲು. ಈಗ ದಿನಕ್ಕೊಮ್ಮೆಯಾದರೂ ಹೇಳುತ್ತಾನೆ. ಅದಕ್ಕೆ ಅವನು ಲೆಂಪಿ ಹೌಟಾಲಳಿಗೆ ಋಣಿ.